ಆಫ್ ಮಾಡಿದ ಮೇಲೆ

ಸೈದಲವಿ ತಂದ ದೂರು ಇಷ್ಟೇ:
ಕೀ ತೆಗೆದರೂ ಇದು ಬಾಯಿ ಮುಚ್ಚುವುದಿಲ್ಲ.

ಸುಂಟಿಕೊಪ್ಪದ ನನ್ನ ಶೆಡ್ಡಿಗೆ
ಸದ್ದು ಬಂತೆಂದೇ ಜನ ಬರುವುದು.
ಏರಿನಲ್ಲಿ ಬಂತು, ಬ್ರೇಕು ಒತ್ತಿದಾಗ ಬಂತು, ಹೀಗೆ.
ನಿಂತ ಗಾಡಿಯ ಮೇಲೆ ಚಾಡಿ ಹೇಳಿದವನು
ಇವನೊಬ್ಬನೇ.

"ಹಳೇ ಲಾರಿ ನೆನಪುಂಟಲ್ಲ, ರುಕ್ಮಯಣ್ಣ,
ಹೊಗೆ ಉಗುಳುತ್ತಿತ್ತು, ಒಪ್ಪಿದೆ,
ಹಿಂದೆ ಬರುವ ಬೈಕಿನವರು ಶಾಪ ಹಾಕುತ್ತಿದ್ದರು.
ಆದರೆ ನಿಲ್ಲಿಸಿದರೆ ನಿಂತಿತು.
ರಾತ್ರಿ ತೋಟದ ಗೇಟಿನಲ್ಲಿ ಗಾಜು ಇಳಿಸಿ
ನೂರು ಎಣಿಸುತ್ತಿದ್ದೆ.
ಬಿದಿರು ಮುರಿದರೆ ಒಳಗೇ ಕೂರುವುದು,
ಮುರಿಯದಿದ್ದರೆ ಇಳಿದು ಬೀಗ ತೆಗೆಯುವುದು.
ಈಗ ಇದರ ಗೊಣಗಾಟದಲ್ಲಿ
ಆನೆ ಬಂದು ಬಾಗಿಲು ತಟ್ಟಿದರೂ ತಿಳಿಯದು."

ಅಡಿಗೆ ನುಸುಳಿದೆ. ಪೈಪಿನ ಸಂದಿಯಲ್ಲಿ
ಬೆಳ್ಳಗೆ ಹರಳು ಬೆಳೆದಿತ್ತು, ಉಪ್ಪಿನ ಹಾಗೆ.
ಯೂರಿಯಾ ಕಣೋ. ನೀಲಿ ಮುಚ್ಚಳದ ಟ್ಯಾಂಕಿನದು,
ಹೊಗೆಯ ವಿಷ ಇಳಿಸಲಿಕ್ಕೆ ಚಿಮುಕಿಸುತ್ತದೆ.
"ತೋಟಕ್ಕೆ ಹಾಕುವುದೇ? ಹಾಗಾದರೆ ಸೊಸೈಟಿಯ ಚೀಲ ಕದಡಿ..."
ಬೈದೆ. ಚೆನ್ನಾಗಿಯೇ ಬೈದೆ.

ಆಮೇಲೆ ಕೇಳಿದೆ: ಕೀ ತೆಗೆದ ಕೂಡಲೇ
ಬ್ಯಾಟರಿಯ ಮೈನ್ ಸ್ವಿಚ್ಚೂ ತಿರುಗಿಸುತ್ತೀಯಾ?
"ಮತ್ತೆ? ಇಲ್ಲದಿದ್ದರೆ ಸುಮ್ಮನಾಗುವುದು ಹೇಗೆ?"
ಅದೇ ತಪ್ಪು ಮಾರಾಯ.
ಪೈಪಿನಲ್ಲಿ ಉಳಿದದ್ದನ್ನು ಅದು
ತಿರುಗಿ ಎಳೆದುಕೊಳ್ಳುತ್ತಿರುತ್ತದೆ, ಎರಡು ನಿಮಿಷ.
ನೀನು ಅರ್ಧಕ್ಕೇ ಗಂಟಲು ಹಿಡಿದೆ.
ನುಂಗಲಾಗದ್ದು ಅಲ್ಲಲ್ಲೇ ಕಲ್ಲಾಯಿತು.

ಅವನು ನಂಬಲಿಲ್ಲ. ನಾನೇ ಹೊರಟೆ ಅವನ ಜೊತೆ,
ಜನವರಿಯ ರಾತ್ರಿ, ಖಾಲಿ ಲಾರಿಯಲ್ಲಿ,
ಆನೆಕಾಡಿನ ಅಂಚಿನ ಒಂದು ತೋಟಕ್ಕೆ
ಚೆರಿ ಚೀಲ ತರಲು.
ಎಂಜಿನ್ನುಗಳ ಅಡಿಯಲ್ಲಿ ನನ್ನ ಎಡಗಿವಿ ಹೋಗಿದೆ;
ಬಲಗಿವಿಯನ್ನು ಕಿಟಕಿಗೆ ಕೊಟ್ಟು ಕೂತೆ.

ಗೇಟು. ಆಫ್.

ಕೊಂಯ್ ಎಂದಿತು, ಎಳನೀರಿನ ತಳವನ್ನು
ಮಗು ಹಟಕ್ಕೆ ಹೀರಿದ ಹಾಗೆ.
ಅದು ಪಂಪು, ನಮ್ಮದು, ಎಂದೆ.
ಟಿಕ್ಕು ಟಿಕ್ಕೆಂದು ಶುರುವಾಯಿತು. ಸೈಲೆನ್ಸರು.
ಒಲೆಯಿಂದ ಇಳಿಸಿದ ಕಾವಲಿ ಅನ್ನು,
ಅಷ್ಟು ಕಾದದ್ದು ಈ ಚಳಿಗೆ
ಮೈ ಕುಗ್ಗಿಸಿಕೊಳ್ಳಬೇಡವೇ? ಅದೂ ನಮ್ಮದು.
ಎಲ್ಲೋ ಒಂದು ಠಕ್.
"ಅದು?"
ಗೊತ್ತಿಲ್ಲ, ಎಂದೆ. ಯಾವುದೋ ವಾಲ್ವಿರಬೇಕು.
ಮೂವತ್ತು ವರ್ಷದಲ್ಲಿ ಗಿರಾಕಿಗೆ
ಈ ಮಾತು ಹೇಳಿದ್ದು ಕಡಿಮೆ.

ಸದ್ದು ನಿಲ್ಲಿಸಬೇಡ, ಸೈದು. ಕಳೆಯುತ್ತಾ ಹೋಗು.
ನಮ್ಮದನ್ನೆಲ್ಲ ಕಳೆದು ಉಳಿದದ್ದಕ್ಕೆ ಹೆದರು.

ಅವನು ಎಣಿಸಿದ, ತುಟಿಯಲ್ಲೇ, ಮಲಯಾಳದಲ್ಲಿ.
ಪಂಪು ನಿಂತಿತು. ಟಿಕ್ಕುಗಳ ನಡುವೆ
ಜಾಗ ಹೆಚ್ಚಾಯಿತು.
ದನದ ಕೊಟ್ಟಿಗೆಯಂಥ ಸಣ್ಣ ಘಾಟು ಅಡಿಯಿಂದ,
ಪಲ್ಪರಿನ ಕಡೆಯಿಂದ ಹುಳಿತ ಕಾಫಿ ಸಿಪ್ಪೆಯ ವಾಸನೆ.
ಟಿಕ್. ನಮ್ಮದು.
ಟಿಕ್.
ಬಹಳ ಹೊತ್ತು ಏನಿಲ್ಲ.

ಟಪ್.

ನಾನು ಬಾಯಿ ತೆರೆಯುವ ಮೊದಲೇ
ಅವನು ಗಾಜು ಏರಿಸತೊಡಗಿದ್ದ, ಮೆಲ್ಲಗೆ,
ಹಿಡಿಕೆ ಕಿರುಗುಟ್ಟದ ಹಾಗೆ.
"ಇದು ನಮ್ಮದಲ್ಲ," ಎಂದ.
ದನಿಯಲ್ಲಿ ಹೆದರಿಕೆಗಿಂತ ಹೆಚ್ಚಾಗಿ
ಲೆಕ್ಕ ಸರಿಬಂದ ಹುಡುಗನ ಖುಷಿ.

ಲೈಟು ಹಾಕಲಿಲ್ಲ. ಪಾದ ಮರಗಟ್ಟಿತು.
ಹೊರಗೆ ದೊಡ್ಡದೊಂದು ಉಸಿರು
ಬಾನೆಟ್ಟಿನ ಬಿಸಿಯ ಹತ್ತಿರ ಬಂದು ನಿಂತಿತು,
ಅಥವಾ ಹಾಗನ್ನಿಸಿತು, ನನ್ನ ಒಂದೇ ಕಿವಿಗೆ.

ಆಗಲೇ ನಮ್ಮ ಕಾಲಡಿಯಿಂದ, ತಡವಾಗಿ,
ಟಿಕ್.

ಇಡೀ ದಿನ ಅದರ ಪರವಾಗಿ ವಾದಿಸಿದವನು ನಾನು.
ಆ ಒಂದು ಗಳಿಗೆ ಮಾತ್ರ
ಬಾಯಿ ಮುಚ್ಚೆಂದು ಹಲ್ಲು ಕಚ್ಚಿದೆ.